ಕೈಲಾಸದಿಂದ ಲಂಕೆಗೆ, ನಡುವೆ ನಿಲುಗಡೆ ಇಲ್ಲ

ನಮ್ಮ ಸೀಮೆ ಕಂಡ ಮೊದಲ ದೂರಪ್ರಯಾಣಿಕ ರಾವಣ. ಹೊರಟದ್ದು ಕೈಲಾಸದಿಂದ, ತಲುಪಬೇಕಾದದ್ದು ಲಂಕೆಗೆ, ಕೈಯಲ್ಲಿದ್ದದ್ದು ಆತ್ಮಲಿಂಗ. ಷರತ್ತು ಒಂದೇ: ದಾರಿಯಲ್ಲಿ ಎಲ್ಲಿಯೂ ಅದನ್ನು ನೆಲಕ್ಕೆ ತಾಗಿಸಬಾರದು. ಈಗಿನವರು ನಾನ್‌ಸ್ಟಾಪ್ ಎನ್ನುವುದು ಇದನ್ನೇ. ಅವನು ಪುಷ್ಪಕ ಏರಿ ಬಂದನೋ, ನಡೆದೇ ಬಂದನೋ ಎಂಬುದು ಕಥೆ ಹೇಳುವವರ ಹುರುಪಿಗೆ ಬಿಟ್ಟ ವಿಷಯ. ಗೋಕರ್ಣದ ಹತ್ತಿರ ಬರುವಾಗ ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ. ಸಂಧ್ಯಾವಂದನೆಗೆ ಹೊತ್ತಾಯಿತೆಂದು ರಾವಣನಿಗೆ ಗಡಿಬಿಡಿ. ದನ ಕಾಯುತ್ತಿದ್ದ ಮಾಣಿಯೊಬ್ಬನ ಕೈಗೆ ಲಿಂಗ ಕೊಟ್ಟು ನೀರಿಗಿಳಿದ. ಮಾಣಿಯ ವೇಷದಲ್ಲಿದ್ದ ಗಣಪತಿ ಮೊದಲೇ ಹೇಳಿದ್ದ, ಭಾರ ತಡೆಯದಿದ್ದರೆ ಮೂರು ಸಲ ಕೂಗುತ್ತೇನೆ, ಬಾರದಿದ್ದರೆ ಇಟ್ಟುಬಿಡುತ್ತೇನೆ ಎಂದು. ಕೂಗಿದ, ಇಟ್ಟ. ವಿಮಾನ ನಿಲ್ದಾಣಗಳಲ್ಲಿ 'ಇದು ಕೊನೆಯ ಕರೆ' ಎಂದು ಧ್ವನಿವರ್ಧಕ ಕೂಗುವಾಗಲೆಲ್ಲ ನನಗೆ ಈ ಗಣಪತಿಯೇ ನೆನಪಾಗುತ್ತಾನೆ. ಇಷ್ಟೇ ವ್ಯತ್ಯಾಸ, ಅವನು ಗಟ್ಟಿಯಾಗಿ ಕೂಗಿದನೋ ಇಲ್ಲವೋ ಎಂಬ ಅನುಮಾನ ಇನ್ನೂ ಉಳಿದಿದೆ.

ಸಿಟ್ಟಿಗೆದ್ದ ರಾವಣ ಲಿಂಗವನ್ನು ಎಳೆದ, ತಿರುಚಿದ, ಬರಲಿಲ್ಲ. ಅದನ್ನು ಸುತ್ತಿದ್ದ ಸಂಪುಟ, ಮುಚ್ಚಳ, ದಾರ, ಬಟ್ಟೆಗಳನ್ನು ದಿಕ್ಕಾಪಾಲಾಗಿ ಎಸೆದ. ಅವು ಬಿದ್ದಲ್ಲೆಲ್ಲ ದೇವಸ್ಥಾನಗಳಾದವು: ಕಾರವಾರದ ಕಡೆಗೆ ಸಜ್ಜೇಶ್ವರ, ಕುಮಟಾ ತಾಲ್ಲೂಕಿನಲ್ಲಿ ಧಾರೇಶ್ವರ, ಹೊನ್ನಾವರದಲ್ಲಿ ಗುಣವಂತೇಶ್ವರ, ಭಟ್ಕಳ ತಾಲ್ಲೂಕಿನಲ್ಲಿ ಮುರುಡೇಶ್ವರ. ಲಗೇಜು ಹೀಗೆ ತಾಲ್ಲೂಕುವಾರು ಹಂಚಿಹೋದ ಪ್ರಕರಣ ಇನ್ನೊಂದಿರಲಾರದು. ಪ್ರಯಾಣಿಕನಿಗೆ ಪರಿಹಾರ ಸಿಕ್ಕಿದ್ದು ಯಾವ ಪುರಾಣದಲ್ಲೂ ಬಂದಿಲ್ಲ. ನಮಗೆ ಮಾತ್ರ ಗೋಕರ್ಣದ ಮಹಾಬಲೇಶ್ವರನೂ ಸೇರಿ ಐದು ಕ್ಷೇತ್ರಗಳು ಸಿಕ್ಕವು. ಶ್ರಾವಣದಲ್ಲಿ ಒಂದೇ ದಿನ ಐದನ್ನೂ ಮುಗಿಸಿ ಬರುತ್ತೇವೆಂದು ಹೊರಡುವವರು ಇಂದಿಗೂ ರಾವಣನ ಕಳೆದ ಸಾಮಾನುಗಳ ಪಟ್ಟಿ ಹಿಡಿದೇ ತಿರುಗುತ್ತಾರೆ.

ಆಮೇಲೆ ಯುಗಗಳು ಕಳೆದವು. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯಲು ಜಾಗ ಇನ್ನೂ ಆಗಿಲ್ಲ. ವಿಮಾನಗಳು ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ, ನಾವು ತಲೆಯೆತ್ತಿ ನೋಡುತ್ತೇವೆ. ಅವು ಹೋಗುವ ಊರುಗಳಲ್ಲೆಲ್ಲ ನಮ್ಮವರು ಇದ್ದಾರೆ ಎಂಬುದು ಬೇರೆ ಮಾತು.

ಹೀಗೆ ತಲೆಯೆತ್ತಿ ನೋಡಲು ಓಂ ಬೀಚಿನಷ್ಟು ಒಳ್ಳೆಯ ಜಾಗ ಇಲ್ಲ. ಗೋಕರ್ಣದ ಪೇಟೆಯಿಂದ ಗುಡ್ಡದ ರಸ್ತೆಯಲ್ಲಿ ಆರೇಳು ಕಿಲೋಮೀಟರು ಹೋಗಿ ಮೆಟ್ಟಿಲಿಳಿದರೆ ಮರಳು. ಎರಡು ಅರ್ಧಚಂದ್ರಗಳು ತಾಗಿಕೊಂಡಿವೆ, ತಾಗಿದಲ್ಲಿ ಬಂಡೆಗಳು ಸಮುದ್ರಕ್ಕೆ ಚಾಚಿವೆ. ಮೇಲಿಂದ ನೋಡಿದರೆ ಓಂಕಾರದ ಆಕಾರ. ಬೀಚಿಗೆ ಬಂದವರು ಮರಳಿನ ಮೇಲೆ ನಿಂತು ಓಂ ಎಲ್ಲಿದೆ ಎಂದು ಆಚೆ ಈಚೆ ನೋಡಿ, ಕೊನೆಗೆ ಮೊಬೈಲಿನಲ್ಲಿ ಡ್ರೋನ್ ತೆಗೆದ ಚಿತ್ರ ಹುಡುಕಿ ಸಮಾಧಾನಪಡುತ್ತಾರೆ. ಆಕಾಶದಿಂದ ಮಾತ್ರ ಓದಬಹುದಾದ ಅಕ್ಷರವನ್ನು ವಿಮಾನ ಇಳಿಯದ ಜಿಲ್ಲೆಯಲ್ಲಿ ಬರೆದಿಟ್ಟವನ ತಮಾಷೆಯ ಬುದ್ಧಿಗೆ ಏನೆನ್ನಬೇಕು!

ಅಲ್ಲಿ ಚಹಾ ಮಾಡುವ ಹುಡುಗನೊಬ್ಬನ ಮೊಬೈಲಿನಲ್ಲಿ ವಿಮಾನಗಳನ್ನು ತೋರಿಸುವ ಆ್ಯಪ್ ಇದೆ. ಸಂಜೆ ಹೊತ್ತು ಮುಳುಗಿ ಗಿರಾಕಿ ಕಡಿಮೆಯಾದ ಮೇಲೆ ಅವನ ದರ್ಬಾರು ಶುರು. ಮೇಲೆ ಚುಕ್ಕಿಯೊಂದು ಮಿಣುಕುತ್ತ ಸಾಗಿದರೆ ಒಲೆಯ ಪಕ್ಕದಲ್ಲಿ ಒರಗಿಸಿಟ್ಟ ಮೊಬೈಲನ್ನು ಸ್ವಲ್ಪ ಓರೆ ಮಾಡಿ, "ಇದು ಶಾರ್ಜಾದ್ದು ಸರ್, ಬೆಂಗಳೂರಿಗೆ. ಮೂವತ್ತಾರು ಸಾವಿರ ಅಡಿ" ಎನ್ನುತ್ತಾನೆ. ಬಲೆ ಸರಿಮಾಡುತ್ತ ಕೂತ ಹಿರಿಯರು, "ಹಾಂಗಾರೆ ಅದ್ರಲ್ಲಿ ಭಟ್ಕಳದವ್ರು ಒಬ್ರಾದ್ರೂ ಇದ್ದೇ ಇರ್ತ್ರು" ಎಂದು ತೀರ್ಪು ಕೊಡುತ್ತಾರೆ. ಅದನ್ನು ಪರಿಶೀಲಿಸಲು ಆ್ಯಪಿನಲ್ಲಿ ಅವಕಾಶವಿಲ್ಲ, ಅಗತ್ಯವೂ ಇಲ್ಲ. ಈ ಆ್ಯಪಿನ ಒಳಗುಟ್ಟು ಸರಳ. ಹೆಚ್ಚುಕಡಿಮೆ ಪ್ರತಿ ವಿಮಾನವೂ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ವೇಗ ಎಂಬುದನ್ನು ಕ್ಷಣಕ್ಷಣಕ್ಕೂ ರೇಡಿಯೋ ಸಂಕೇತದಲ್ಲಿ ಬಿತ್ತರಿಸುತ್ತಲೇ ಇರುತ್ತದೆ. ಮನೆಯ ಮಾಡಿನ ಮೇಲೆ ಸಣ್ಣ ಆಂಟೆನಾ ಇಟ್ಟ ಹವ್ಯಾಸಿಗಳು ಜಗತ್ತಿನ ತುಂಬ ಇದ್ದು, ಹಿಡಿದದ್ದನ್ನು ಎಲ್ಲರಿಗೂ ಹಂಚುತ್ತಾರೆ. ಮೂವತ್ತಾರು ಸಾವಿರ ಅಡಿ ಎಂದರೆ 11 ಕಿಲೋಮೀಟರು. ಓಂ ಬೀಚಿನಿಂದ ಗೋಕರ್ಣ ರೋಡ್ ರೈಲು ನಿಲ್ದಾಣಕ್ಕೆ ರಸ್ತೆಯ ಲೆಕ್ಕದಲ್ಲಿ ಅದಕ್ಕಿಂತ ದೂರ. ಅಂದರೆ ವಿಮಾನವೇ ಹತ್ತಿರ. ಆ ಕಡೆಗೆ ಹೋಗಲು ಆಟೋ ಸಿಗುವುದಿಲ್ಲ, ಅಷ್ಟೇ.

ವಿಮಾನ ಕಂಪನಿಗಳು ಸೀಟಿನೆದುರಿಗಿಡುವ ಪತ್ರಿಕೆಯ ಕೊನೆಯ ಪುಟದಲ್ಲಿ ಒಂದು ಭೂಪಟ ಇರುತ್ತಿತ್ತು. ಊರಿಂದ ಊರಿಗೆ ಬಿಲ್ಲಿನಂತೆ ಬಾಗಿದ ಗೆರೆಗಳು. ನೇರವಾಗಿ ಹೋಗುವುದು ಬಿಟ್ಟು ಇವರು ಯಾಕಿಷ್ಟು ಬಳಸುತ್ತಾರೆ ಎಂದು ಬಹಳ ಜನರಿಗೆ ಅನುಮಾನ. ನಮ್ಮ ದೊಡ್ಡಮ್ಮನಿಗೂ ಬಂದಿತ್ತು. ಮಗ ಕ್ಯಾಲಿಫೋರ್ನಿಯಾದಲ್ಲಿ. ಬಾಣಂತನಕ್ಕೆಂದು ಕುಮಟಾದ ಹತ್ತಿರದ ಹಳ್ಳಿಯಿಂದ ಹೊರಟವಳು ಸೀಟಿನೆದುರಿನ ತೆರೆಯ ಮೇಲೆ ಪುಟಾಣಿ ವಿಮಾನ ಬಡಗಣ ಹಿಮದ ಕಡೆ ತೆವಳುವುದನ್ನು ನಿದ್ದೆಗೆಟ್ಟು ನೋಡಿದ್ದಳಂತೆ. ಮರಳಿ ಬಂದ ಮೇಲೆ ಜಗಲಿಯಲ್ಲಿ ಕೂತು ಕೇಳಿದ ಮೊದಲ ಪ್ರಶ್ನೆಯೇ ಅದು: "ಅಮೇರಿಕಾ ಪಶ್ಚಿಮಕ್ಕೆ ಅಲ್ದನಾ? ಇಂವ ಎಂತಕ್ಕೆ ಬಡಗ ಬದಿಗೆ ಹೋಪದು?"

ಹೈಸ್ಕೂಲಿಗೆ ಹೋಗುವ ಮೊಮ್ಮಗ ಒಳಗೆ ಹೋಗಿ ಸುಲಿದ ತೆಂಗಿನಕಾಯಿ ತಂದ. ದೇವರ ಒಳದಿಂದ ಕುಂಕುಮ ತಂದು ಕಾಯಿಯ ಒಂದು ಬದಿಗೆ ಬೆಂಗಳೂರು ಇಟ್ಟ, ತಿರುಗಿಸಿ ಇನ್ನೊಂದು ಬದಿಗೆ ಸ್ಯಾನ್ ಫ್ರಾನ್ಸಿಸ್ಕೋ ಇಟ್ಟ. ಬಾಳೆನಾರಿನ ಒಂದು ತುದಿ ಅಜ್ಜಿಯ ಹೆಬ್ಬೆರಳಿನ ಕೆಳಗೆ, ಇನ್ನೊಂದು ತುದಿ ತನ್ನ ಬೆರಳಿನ ಕೆಳಗೆ. "ಈಗ ಬಿಗಿಯಾಗಿ ಎಳಿ ಅಮ್ಮಮ್ಮ" ಎಂದ. ಸೊಂಟದ ಸುತ್ತ ಸಡಿಲವಾಗಿದ್ದ ನಾರು ಬಿಗಿಯುತ್ತಿದ್ದಂತೆ ತನ್ನಷ್ಟಕ್ಕೆ ಮೇಲಕ್ಕೆ ಜಾರಿ, ಕಾಯಿಯ ಕಣ್ಣುಗಳಿರುವ ನೆತ್ತಿಯ ಹತ್ತಿರ ಹೋಗಿ ಕೂತಿತು. "ನಾವು ಬಳಸ್ತಿಲ್ಲೆ, ಇದೇ ಹತ್ತಿರದ ದಾರಿ" ಎಂದ ಮಾಣಿ. ಭೂಮಿ ಉರುಟಾಗಿದೆ, ಭೂಪಟ ಚಪ್ಪಟೆಯಾಗಿದೆ. ಉರುಟಿನ ಮೇಲಿನ ನೇರ ದಾರಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸಿದರೆ ಬಾಗಿದಂತೆ ಕಾಣುತ್ತದೆ. ದೊಡ್ಡಮ್ಮ ಒಪ್ಪಿದಳು. ಮಧ್ಯಾಹ್ನದ ಹೊತ್ತಿಗೆ ಭೂಗೋಳ ಎರಡು ಹೋಳಾಗಿ, ತುರಿದು, ಬೀಸಿ, ತಂಬುಳಿಗೆ ಸೇರಿತ್ತು.

ಆ ದಾರಿ ತೆರೆದುಕೊಂಡದ್ದು 2021ರ ಜನವರಿಯಲ್ಲಿ. 9ನೇ ತಾರೀಕು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ನೇರ ಅಂತರ 13,993 ಕಿಲೋಮೀಟರು, ಗಾಳಿ ಹೇಗಿದೆ ಎಂಬುದರ ಮೇಲೆ ಹದಿನೇಳು ತಾಸಿನ ಆಚೀಚೆ. ಎರಡು ಊರುಗಳ ಗಡಿಯಾರಕ್ಕೆ ಚಳಿಗಾಲದಲ್ಲಿ ಹದಿಮೂರೂವರೆ ತಾಸಿನ ವ್ಯತ್ಯಾಸ. ಊರಿಗೆ ಬಂದ ಅಮೆರಿಕದ ಮೊಮ್ಮಕ್ಕಳು ನಡುರಾತ್ರಿ ಎರಡಕ್ಕೆ ಎದ್ದು ದೋಸೆ ಕೇಳುವುದೂ, ಮಧ್ಯಾಹ್ನ ಊಟದ ಎಲೆಯ ಮುಂದೆ ತೂಕಡಿಸಿ ಸಾರಿಗೆ ಮೂಗು ತಾಗಿಸುವುದೂ ಈ ಹದಿಮೂರೂವರೆಯ ಕಾರುಬಾರು.

ಆದರೆ ಬಾಳೆನಾರು ತೋರಿಸಿದ ದಾರಿಯಲ್ಲೇ ವಿಮಾನ ಹೋಗುತ್ತದೆಂದು ನಂಬಿ ಕೂರುವಂತಿಲ್ಲ. ನಾರಿಗೆ ಗಾಳಿಯೂ ಗೊತ್ತಿಲ್ಲ, ರಾಜಕೀಯವೂ ಗೊತ್ತಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಇದೆ. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿದರು. ದಾರಿ ಸಾವಿರಕ್ಕೂ ಹೆಚ್ಚು ಕಿಲೋಮೀಟರು ಉದ್ದವಾಗಿ 15,300ಕ್ಕೆ ಮುಟ್ಟಿತು, ಸಮಯ ಮಾತ್ರ ಕಡಿಮೆಯಾಯಿತು. ಗಾಳಿ ಬೆನ್ನಿಗಿತ್ತು. ರಾಜಕೀಯದ ಕಥೆ ಇನ್ನೂ ಸೊಗಸು. 2022ರಿಂದ ಯುರೋಪು, ಅಮೆರಿಕಗಳ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋದವು. ಗದ್ದೆಯ ಹಾಳಿಗೆ ಬೇಲಿ ಹಾಕಿ ದಾರಿ ಬಂದ್ ಮಾಡುವ ದಾಯಾದಿ ಜಗಳ ನೋಡಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಓಂ ಬೀಚಿನ ಅಡುಗೆಮನೆಗೂ ಈ ಬೇಲಿಯ ಕಥೆ ಬಂದು ಮುಟ್ಟುತ್ತದೆ. ಅಲ್ಲಿನ ಹೋಟೆಲುಗಳ ಮೆನುವಿನಲ್ಲಿ ಬಂಗಡೆ ಫ್ರೈ ಪಕ್ಕದಲ್ಲೇ ಶಕ್ಷೂಕ ಇದೆ, ಹುಮ್ಮಸ್ ಇದೆ. ಇಸ್ರೇಲಿನ ಹುಡುಗ ಹುಡುಗಿಯರು ಕಡ್ಡಾಯ ಸೈನಿಕ ಸೇವೆ ಮುಗಿಸಿ ಬೆನ್ನಿಗೆ ಚೀಲ ಹಾಕಿ ಗೋವಾಕ್ಕೂ ಗೋಕರ್ಣಕ್ಕೂ ಬರುವುದು ಹಳೆಯ ವಾಡಿಕೆ. ಅವರನ್ನು ಮುಂಬೈಗೆ ತರುತ್ತಿದ್ದ ಎಲ್ ಆಲ್ ವಿಮಾನಕ್ಕೆ ಸೌದಿ ಅರೇಬಿಯಾದ ಆಕಾಶ ವರ್ಜ್ಯವಾಗಿತ್ತು. ಕೆಂಪು ಸಮುದ್ರದ ಮೇಲೆ ತೆಂಕಣಕ್ಕೆ ಇಳಿದು, ಅರೇಬಿಯಾವನ್ನು ಬಳಸಿ ಬರಬೇಕಿತ್ತು. 2018ರ ಮಾರ್ಚ್ 22ರಂದು ದೆಹಲಿಯಿಂದ ಟೆಲ್ ಅವೀವಿಗೆ ಹೊರಟ ಏರ್ ಇಂಡಿಯಾ ವಿಮಾನ ಸೌದಿಯ ಮೇಲೆ ನೇರವಾಗಿ ಹಾರಿತು. ಇಸ್ರೇಲಿಗೆ ಹೋಗುವ ಪ್ರಯಾಣಿಕರ ವಿಮಾನಕ್ಕೆ ಆ ಅನುಮತಿ ಸಿಕ್ಕಿದ್ದು ಅದೇ ಮೊದಲು. ಎಲ್ಲ ದೇಶದ ವಿಮಾನಗಳಿಗೂ ಸೌದಿ ಬಾಗಿಲು ತೆಗೆದದ್ದು 2022ರಲ್ಲಿ. ಶಕ್ಷೂಕಕ್ಕೆ ಮೊಟ್ಟೆ ಒಡೆಯುವ ನಮ್ಮ ಹುಡುಗನಿಗೆ ಇದೆಲ್ಲ ಬೇಕಿಲ್ಲ. ಅವನದಕ್ಕೆ ಒಂದೆರಡು ಹಸಿಮೆಣಸು ಹೆಚ್ಚಿಗೆ ಬೀಳುತ್ತದೆ, ಟೆಲ್ ಅವೀವಿನವರು ಕಣ್ಣೀರು ಹಾಕುತ್ತ ಇನ್ನೊಂದು ಪ್ಲೇಟು ಹೇಳುತ್ತಾರೆ.

ಗಾಳಿ ಬೆನ್ನಿಗಿದ್ದರೆ ದೂರವಾದರೂ ಅಡ್ಡಿಯಿಲ್ಲ ಎಂಬುದನ್ನು ಈ ಕರಾವಳಿಗೆ ಯಾರೂ ಕಲಿಸಬೇಕಾಗಿಲ್ಲ. ಅರಬ್ಬೀ ಸಮುದ್ರದ ಹಡಗುಗಳು ನೂರಾರು ವರ್ಷ ನಡೆದದ್ದೇ ಆ ಲೆಕ್ಕದಲ್ಲಿ. ನೈಋತ್ಯದ ಗಾಳಿ ಹಿಡಿದು ಈ ದಡಕ್ಕೆ, ಈಶಾನ್ಯದ ಗಾಳಿ ಹಿಡಿದು ಆ ದಡಕ್ಕೆ. ನಡುವೆ ತಿಂಗಳುಗಟ್ಟಲೆ ಕಾಯಬೇಕು. ದೋಹಾದಲ್ಲಿ ಆರು ತಾಸು ಕೂತದ್ದಕ್ಕೆ ಗೊಣಗುವವರು ಒಮ್ಮೆ ಇದನ್ನು ಯೋಚಿಸಬಹುದು. ಭಟ್ಕಳದ ಬಂದರಿಗೆ ವಿಜಯನಗರದ ಸೈನ್ಯಕ್ಕಾಗಿ ಅರಬ್ಬೀ, ಪರ್ಷಿಯಾ ಕಡೆಯ ಕುದುರೆಗಳು ಬಂದಿಳಿಯುತ್ತಿದ್ದವು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಇಲ್ಲಿಂದ ಹೊರಡುತ್ತಿದ್ದ ಸರಕಿನ ಕಾರಣಕ್ಕೆ. 14ನೇ ಶತಮಾನದಲ್ಲಿ ಹೊನ್ನಾವರದಲ್ಲಿ ಇಳಿದುಕೊಂಡ ಮೊರೊಕ್ಕೊದ ಇಬ್ನ್ ಬತೂತ ಆ ಪೇಟೆಯಲ್ಲಿ ಹುಡುಗಿಯರಿಗೆಂದೇ ಹದಿಮೂರು ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಗಾಳಿಗಾಗಿ ಕಾದವರೆಲ್ಲ ಮರಳಿ ಹೋಗಲಿಲ್ಲ. ಇಲ್ಲೇ ಮದುವೆಯಾಗಿ, ಮನೆ ಕಟ್ಟಿ, ಕೊಂಕಣಿಯ ಬುಡಕ್ಕೆ ಅರಬ್ಬಿ ಪಾರಸಿಯ ಒಗ್ಗರಣೆ ಹಾಕಿದ ನವಾಯತಿ ಮಾತನ್ನಾಡುತ್ತ ಉಳಿದರು. ಭಟ್ಕಳದ ನವಾಯತರು ತಮ್ಮ ಮೂಲವನ್ನು ಹೇಳಿಕೊಳ್ಳುವುದು ಹೀಗೆ. ಅಂದರೆ ಒಂದು ಲೇಓವರಿನಿಂದ ಒಂದು ಸಮುದಾಯವೇ ಹುಟ್ಟಿತು.

ವಿಮಾನಗಳೂ ಮೊದಮೊದಲು ಹೀಗೆಯೇ, ನಿಂತು ನಿಂತು ಹೋಗುತ್ತಿದ್ದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆಚೀಲ ಹೊತ್ತು ಅಹಮದಾಬಾದಿನಲ್ಲಿ ಇಳಿದು ಮುಂಬೈಗೆ ಬಂದರು. ಅಲ್ಲಿಂದ ಚೀಲವನ್ನು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್, ದಾರಿಯಲ್ಲಿ ನಿಂತದ್ದು ನಮ್ಮ ಬಳ್ಳಾರಿಯಲ್ಲಿ. ಲಂಡನ್ನಿನಿಂದ ಕರಾಚಿಗೆ ಬಂದ ಕಾಗದಗಳು ಅದರಲ್ಲಿದ್ದವು. ಅಂದರೆ ಲಂಡನ್–ಮದ್ರಾಸ್ ಮಾರ್ಗದಲ್ಲಿ ಬಳ್ಳಾರಿ ಒಂದು ಸ್ಟಾಪು! 1947ರ ಡಿಸೆಂಬರಿನಲ್ಲಿ ಸಿಡ್ನಿಯಿಂದ ಲಂಡನ್ನಿಗೆ ಹೊರಟ ಕ್ವಾಂಟಾಸ್ ವಿಮಾನ ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿಗಳಲ್ಲಿ ನಿಂತು ನಾಲ್ಕು ದಿನ ತೆಗೆದುಕೊಂಡಿತು. ಮರುವರ್ಷ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬೈಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಈಗ ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿಲೋಮೀಟರಿಗೂ ಹೆಚ್ಚು ದೂರವನ್ನು ಹದಿನೆಂಟು ತಾಸಿನ ಆಸುಪಾಸಿನಲ್ಲಿ ಒಂದೇ ಉಸಿರಿಗೆ ಹಾರುತ್ತಾರೆ. ನಡುವಿನ ಊರುಗಳೆಲ್ಲ ನಕ್ಷೆಯಿಂದ ಬಿದ್ದುಹೋದವು. ಕೈರೋದಲ್ಲಿ ಇಳಿದು ಕಾಲು ಜಾಡಿಸಿ ಚಹಾ ಕುಡಿದ ನೆನಪು ಇನ್ನು ಯಾರಿಗೂ ಇರುವುದಿಲ್ಲ. ದಾರಿ ಹೇಗಿತ್ತು ಎಂದು ಕೇಳಿದರೆ, ನಾಲ್ಕು ಸಿನಿಮಾ ಮುಗಿಯಿತು ಎನ್ನುತ್ತಾರೆ.

ಭಟ್ಕಳದವರಿಗೆ ದೂರದ ದಾರಿ ಎಂದರೆ ಕೊಲ್ಲಿಯೇ. ದುಬೈಯಲ್ಲಿ ಅಂಗಡಿ, ಮಗದೂಮ್ ಕಾಲೊನಿಯಲ್ಲೋ ನವಾಯತ್ ಕಾಲೊನಿಯಲ್ಲೋ ಮನೆ. ಒಂದು ಕಾಲದಲ್ಲಿ ಮುಂಬೈಗೆ ಬಸ್ಸು ಹಿಡಿದು, ಅಲ್ಲಿ ಊರವರ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ ವಿಮಾನಕ್ಕೆ ಕಾಯಬೇಕಿತ್ತು. ಮಂಗಳೂರಿನ ಬಜ್ಪೆಯಲ್ಲಿ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಷ್ಟು ಹಿಂದೆಯೇ ಆಗಿತ್ತು. ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ಉದ್ಘಾಟಿಸಿದ್ದರು. ಆದರೆ ಅಲ್ಲಿಂದ ನೇರ ದುಬೈಗೆ ಏರಲು 2006ರವರೆಗೆ ಕಾಯಬೇಕಾಯಿತು. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ ಅದು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಅದರ ಅಂಚು ದಾಟಿ ಕಣಿವೆಗೆ ಉರುಳಿ 158 ಜನ ತೀರಿಕೊಂಡರು. ಅಂದಿನಿಂದ ಅಲ್ಲಿ ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ವಿಮಾನದಲ್ಲಿ ಎಲ್ಲ ಮತದವರ ತುಟಿಗಳೂ ಅಲುಗುತ್ತವೆ.

ಕೊಲ್ಲಿಯ ಪೆಟ್ಟಿಗೆ ಕಟ್ಟುವುದು ನೋಡಬೇಕಾದ ಕೆಲಸ. ಮೂವತ್ತು ಕಿಲೋ ಎಂದರೆ ಮೂವತ್ತೇ. ಮನೆಯ ಹಜಾರದ ನಡುವೆ ಕೊಕ್ಕೆಯ ತೂಕದ ಕಡ್ಡಿ ಹಿಡಿದು ಒಬ್ಬ ನಿಲ್ಲುತ್ತಾನೆ, ಇನ್ನೊಬ್ಬ ಮುಳ್ಳು ನೋಡುತ್ತಾನೆ. ಹೋಗುವಾಗ ಹಲ್ವ, ಒಣಮೀನು, ಹಪ್ಪಳ, ಬರುವಾಗ ಅತ್ತರು, ಕಂಬಳಿ, ಹಾಲಿನ ಪುಡಿ. ಅರ್ಧ ಕಿಲೋ ಹೆಚ್ಚಾದರೆ ಯಾವುದನ್ನು ತೆಗೆಯುವುದೆಂಬ ಚರ್ಚೆಯಲ್ಲಿ ಆ ಮನೆಯಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ಪ್ರೀತಿ ಎಂಬುದು ಬಯಲಾಗುತ್ತದೆ. ಅತ್ತೆ ಕೊಟ್ಟ ಉಪ್ಪಿನಕಾಯಿ ತೆಗೆದರೆ ಒಂದು ಕಷ್ಟ, ಅಮ್ಮ ಕೊಟ್ಟದ್ದು ತೆಗೆದರೆ ಇನ್ನೊಂದು ಕಷ್ಟ. ಕೊನೆಗೆ ಹೋಗುವವನ ಅಂಗಿಗಳೇ ಹೊರಗೆ ಬರುತ್ತವೆ.

ಹವ್ಯಕರ ಮನೆಗಳ ಕಷ್ಟ ಬೇರೆ. ಅವರ ಪ್ರೀತಿಯೆಲ್ಲ ದ್ರವರೂಪದ್ದು. ಜೋನಿಬೆಲ್ಲ, ಅಪ್ಪೆಮಿಡಿಯ ಉಪ್ಪುನೀರು, ಮುರುಗಲ ರಸ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚನ್ನು ಪೊಲೀಸರು ಪತ್ತೆ ಹಚ್ಚಿದರು. ಕೈಚೀಲದಲ್ಲಿ ನೂರು ಮಿಲಿಲೀಟರಿಗಿಂತ ದೊಡ್ಡ ಸೀಸೆ ಒಯ್ಯಬಾರದೆಂಬ ಕಟ್ಟಳೆ ಜಗತ್ತಿಗೆಲ್ಲ ಬಂದದ್ದು ಅದರ ಬೆನ್ನಿಗೆ. ಲಂಡನ್ನಿನ ಸಂಚಿಗೂ ಕುಮಟಾದ ಆಲೆಮನೆಗೂ ಹೀಗೊಂದು ಸಂಬಂಧ ಕುದುರಿತು. ದೊಡ್ಡಮ್ಮನ ಕೈಚೀಲದಲ್ಲಿದ್ದ ಜೋನಿಬೆಲ್ಲದ ಡಬ್ಬಿಯನ್ನು ತಪಾಸಣೆಯವರು ಹಿಡಿದಾಗ ಅವಳು ವಾದಿಸಿದ್ದು ಇಷ್ಟೇ: ಬೆಲ್ಲ ಎಂದರೆ ಗಟ್ಟಿ ಪದಾರ್ಥ, ಇದು ಸ್ವಲ್ಪ ಸೆಕೆಗೆ ಹೀಗಾಗಿದೆ. ಕಾವಲಿನ ಹುಡುಗಿ ಡಬ್ಬಿಯನ್ನು ಓರೆ ಮಾಡಿದಳು. ಬೆಲ್ಲ ನಿಧಾನಕ್ಕೆ, ಗಂಭೀರವಾಗಿ, ಒಂದು ಬದಿಗೆ ಹರಿಯಿತು. ವಾದ ಬಿದ್ದುಹೋಯಿತು.

ಆದರೆ ಗಾಲಿಕುರ್ಚಿಯ ವಿಷಯದಲ್ಲಿ ದೊಡ್ಡಮ್ಮನನ್ನು ಮೀರಿಸಿದವರಿಲ್ಲ. ಮನೆಯಲ್ಲಿ ಅಡಕೆ ತೋಟದ ದರೆ ಹತ್ತಿ ಇಳಿಯುವ ಜೀವ ಅದು. ಟಿಕೆಟ್ಟಿನಲ್ಲಿ ಮಾತ್ರ ಮಗ ಗಾಲಿಕುರ್ಚಿ ಬೇಕೆಂದು ಬರೆಸಿದ್ದ. ಕಾಲಿನ ಕಾರಣಕ್ಕಲ್ಲ, ಇಂಗ್ಲಿಷಿನ ಕಾರಣಕ್ಕೆ. ಕುರ್ಚಿಯಲ್ಲಿ ಕೂತರೆ ದೂಡುವವನೇ ಸಾಲು ದಾಟಿಸುತ್ತಾನೆ, ಫಾರ್ಮು ತುಂಬಿಸುತ್ತಾನೆ, ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾನೆ. ಹೊರದೇಶಕ್ಕೆ ಹೋಗುವ ವಿಮಾನಗಳ ಬಾಗಿಲಲ್ಲಿ ನಮ್ಮ ದೇಶದ ಅಜ್ಜ ಅಜ್ಜಿಯರು ಗಾಲಿಕುರ್ಚಿಗಳಲ್ಲಿ ಸಾಲಾಗಿ ಕೂತಿರುವುದನ್ನು ನೋಡಿದರೆ ದೇಶಕ್ಕೆ ದೇಶವೇ ಮಂಡಿನೋವಿಗೆ ತುತ್ತಾಗಿದೆ ಎನ್ನಿಸಬೇಕು. ಇಳಿದ ಮೇಲೆ ಮಗ ಕಂಡದ್ದೇ ತಡ, ಎಲ್ಲರೂ ಎದ್ದು ನಡೆದೇಬಿಡುತ್ತಾರೆ. ಪವಾಡಗಳು ಪುಣ್ಯಕ್ಷೇತ್ರಗಳಲ್ಲಿ ಮಾತ್ರ ನಡೆಯುತ್ತವೆಂಬುದು ಸುಳ್ಳು.

ಇಷ್ಟೆಲ್ಲ ಕೇಳಿ, ನೋಡಿ ನನಗೆ ಅನ್ನಿಸಿದ್ದು ಒಂದು. ದೂರದ ದಾರಿಯ ಉದ್ದ ಇರುವುದು ಅದರ ನಡುವಿನಲ್ಲಲ್ಲ, ತುದಿಗಳಲ್ಲಿ. ನಡುವಿನ ಹತ್ತು ಸಾವಿರ ಕಿಲೋಮೀಟರನ್ನು ಗಾಳಿ, ಇಂಧನ, ಯಾರದೋ ಲೆಕ್ಕಾಚಾರ ನೋಡಿಕೊಳ್ಳುತ್ತವೆ. ಪ್ರಯಾಣಿಕ ಕೂತರೆ ಸಾಕು. ನಿಜವಾದ ಪ್ರಯಾಣ ಮನೆಯ ಅಂಗಳದಿಂದ ವಿಮಾನದ ಬಾಗಿಲಿನವರೆಗಿನದು. ದುಬೈಯಿಂದ ಬೆಂಗಳೂರಿಗೆ ನಾಲ್ಕು ತಾಸು, ಬೆಂಗಳೂರಿನಿಂದ ಗೋಕರ್ಣಕ್ಕೆ ಇಡೀ ರಾತ್ರಿ. ವಿಮಾನ ಕಂಪನಿಯ ಭೂಪಟ ಆ ರಾತ್ರಿಯನ್ನು ತೋರಿಸುವುದೇ ಇಲ್ಲ.

ಹೀಗಾಗಿ ಊರಿನ ಮದುವೆ ಮನೆಗಳಲ್ಲಿ ವಿಮಾನದ ಮಾತು ಬಂದರೆ ಪಂಕ್ತಿಯಲ್ಲಿ ನಾಲ್ಕು ಪಕ್ಷಗಳಾಗುತ್ತವೆ. ಗೋವಾ ಪಕ್ಷದವರು ದಾಬೋಲಿಮ್ ನೂರ ನಲವತ್ತೇ ಕಿಲೋಮೀಟರು ಎನ್ನುತ್ತಾರೆ. ಹುಬ್ಬಳ್ಳಿ ಪಕ್ಷದವರು ತಮ್ಮದೂ ಹೆಚ್ಚುಕಡಿಮೆ ಅಷ್ಟೇ, ಮೇಲಾಗಿ ನಮ್ಮದೇ ರಾಜ್ಯ ಎನ್ನುತ್ತಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದಾಗ ಮೊದಲು ಹಾರಿಸಿದ್ದು ಬೆಂಗಳೂರು–ಹುಬ್ಬಳ್ಳಿಗೇ ಎಂಬುದು ಅವರ ಬತ್ತಳಿಕೆಯ ಬಾಣ. ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದರೆ ಮಾತ್ರ ಪಾಯಸದ ಕಡೆ ಮುಖ ಮಾಡುತ್ತಾರೆ. ಮಂಗಳೂರು ಪಕ್ಷಕ್ಕೆ ಭಟ್ಕಳ, ಹೊನ್ನಾವರದ ಬೆಂಬಲ. ಬೆಂಗಳೂರು ಪಕ್ಷದವರು ವಾದ ಮಾಡುವುದಿಲ್ಲ, ಸ್ಲೀಪರ್ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿರುತ್ತಾರೆ. ಗೋವಾ ಪಕ್ಷ 2023ರ ಜನವರಿಯಿಂದ ಒಡೆದಿದೆ. ಉತ್ತರದ ಮೋಪಾದಲ್ಲಿ ಎರಡನೆಯ ನಿಲ್ದಾಣ ಶುರುವಾದ ಮೇಲೆ ಟಿಕೆಟ್ಟಿನಲ್ಲಿ ಗೋವಾ ಎಂದಿದ್ದರೆ ಸಾಲದು, ಯಾವ ಗೋವಾ ಎಂದು ಕೇಳಬೇಕು. ಪರಿಚಯದವರೊಬ್ಬರು ಅಳಿಯನನ್ನು ಕರೆತರಲು ದಾಬೋಲಿಮಿಗೆ ಹೋಗಿ ಹೂವಿನ ಹಾರ ಹಿಡಿದು ನಿಂತಿದ್ದಾಗ ಅಳಿಯ ಮೋಪಾದಲ್ಲಿ ಮಾವನಿಗಾಗಿ ಕಾಯುತ್ತಿದ್ದ. ನಡುವೆ ಎರಡು ತಾಸಿನ ದಾರಿ. ಮೊದಲ ದೀಪಾವಳಿಯ ಬಿಗುಮಾನಕ್ಕೆ ಅಷ್ಟು ಸಾಕಾಯಿತು.

ಐದನೆಯ ಪಕ್ಷವೊಂದು ಈಚೆಗೆ ತಲೆಯೆತ್ತಿದೆ. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆಗಾಗಿ ವಿಮಾನ ನಿಲ್ದಾಣ ಮಾಡುವ, ಅದರಲ್ಲಿ ನಾಗರಿಕ ವಿಮಾನಗಳಿಗೂ ಜಾಗ ಕೊಡುವ ಯೋಜನೆ ಹಲವು ವರ್ಷಗಳಿಂದ ಕಾಗದದ ಮೇಲೆ ಹಾರಾಡುತ್ತಿದೆ. ಭೂಮಿ ಕೊಡುವವರ ಸಂಕಟ ಸಣ್ಣದಲ್ಲ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಮನೆ ಗದ್ದೆ ಬಿಟ್ಟವರನ್ನು ಕಂಡ ತಾಲ್ಲೂಕು ಅದು, ರನ್‌ವೇಯ ಉದ್ದವನ್ನು ಅವರು ಮೀಟರಿನಲ್ಲಿ ಅಳೆಯುವುದಿಲ್ಲ, ಗುಂಟೆಯಲ್ಲಿ ಅಳೆಯುತ್ತಾರೆ. ಒಂದು ವೇಳೆ ನಿಲ್ದಾಣ ಆದರೆ, ಅಲಗೇರಿಯಿಂದ ಗೋಕರ್ಣ ಕೂಗಳತೆಯೇ ಸರಿ. ಆಗ ಬೆಂಗಳೂರಿನಿಂದ ಒಂದು ತಾಸು, ಟ್ಯಾಕ್ಸಿಯಲ್ಲಿ ಮಾದನಗೇರಿ ಕ್ರಾಸಿಗೆ ಇನ್ನೊಂದಿಷ್ಟು, ಗೋಕರ್ಣದ ರಥಬೀದಿಗೆ ಮತ್ತಿಷ್ಟು. ದೂರವೆಂಬುದೇ ಇಲ್ಲವಾಯಿತೆಂದು ಎಲ್ಲರೂ ಹಿಗ್ಗುತ್ತಾರೆ. ಹಿಗ್ಗಲಿ. ಓಂ ಬೀಚಿನ ಕೊನೆಯ ಆರು ಕಿಲೋಮೀಟರು ಆಗಲೂ ಉಳಿದೇ ಇರುತ್ತದೆ. ಆಟೋದವನು ಸೂಟ್‌ಕೇಸಿಗೆ ಅಂಟಿಸಿದ ಬಿಳಿ ಚೀಟಿ ನೋಡಿ, "ವಿಮಾನದಲ್ಲಿ ಬಂದವ್ರಲ್ವಾ ಸರ್" ಎಂದು ಐವತ್ತು ರೂಪಾಯಿ ಹೆಚ್ಚು ಕೇಳುತ್ತಾನೆ. ನಾವು ಆಗುವುದಿಲ್ಲ ಎನ್ನುತ್ತೇವೆ, ನಾಲ್ಕು ಹೆಜ್ಜೆ ಮುಂದೆ ನಡೆಯುತ್ತೇವೆ, ಅವನು ಕರೆಯುವುದಿಲ್ಲ. ತಿರುಗಿ ಬಂದು ಹತ್ತುತ್ತೇವೆ.